16, 105, 201, 248: 2023ರ ವಿಧಾನಸಭೆ ಎಣಿಕೆಯ ಕೊನೆಯ ಗಂಟೆಯಲ್ಲಿ ಏನೇನು ನಡೆಯುತ್ತದೆ?

ಬೂತ್‌ಪಟ್ಟಿ:
2023ರ ಮೇ 13ರ ಫಲಿತಾಂಶ ಎಂದರೆ ಎಲ್ಲರ ಬಾಯಲ್ಲೂ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಇನ್ನುಳಿದ 4ರಲ್ಲಿ ಗಂಗಾವತಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷಕ್ಕೆ (ಕೆಆರ್‌ಪಿಪಿ), ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ, ಹರಪನಹಳ್ಳಿ ಮತ್ತು ಗೌರಿಬಿದನೂರು ಪಕ್ಷೇತರರಿಗೆ ಹೋದವು. ಇಲ್ಲಿ ಚರ್ಚೆಗೆ ಇಡುತ್ತಿರುವುದು ಬೇರೆ ನಾಲ್ಕು ಕ್ಷೇತ್ರ:

ಜಯನಗರ: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ 57,781. ಅಂತರ 16.
ಗಾಂಧಿನಗರ: ದಿನೇಶ್ ಗುಂಡೂರಾವ್ ಗೆಲುವು, ಅಂತರ 105.
ಶೃಂಗೇರಿ: ಟಿ.ಡಿ. ರಾಜೇಗೌಡ ಗೆಲುವು, ಅಂತರ 201.
ಮಾಲೂರು: ಕೆ.ವೈ. ನಂಜೇಗೌಡ ಗೆಲುವು, ಅಂತರ 248.

ಅದೇ ದಿನ ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ಅವರ ಅಂತರ 1,22,392. ಅಂಥ ಕಡೆ ಎಣಿಕೆಯಲ್ಲಿ ಒಂದೆರಡು ತಪ್ಪು ನುಸುಳಿದರೂ ಫಲಿತಾಂಶ ಅಲುಗುವುದಿಲ್ಲ. ಆದರೆ ಈ ನಾಲ್ಕರಲ್ಲಿ ಒಂದು ಹಾಳೆ, ಒಂದು ಸಹಿ, ಒಂದು ಕೂಡುವ ತಪ್ಪು ಸಾಕು. ಅಂತರ ಇಷ್ಟು ಕಿರಿದಾದಾಗ ಎಣಿಕೆ ಕೇಂದ್ರದಲ್ಲಿ ಯಾವ ಕ್ರಮದಲ್ಲಿ ಏನೇನು ಆಗಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಗೊತ್ತಿರುವವರು ಬರೆಯಿರಿ. ಪಕ್ಷದ ಜಗಳ ಈ ಎಳೆಯಲ್ಲಿ ಬೇಡ.

ಹೊಸಮತದಾರ:
ಜಯನಗರದ ಬಗ್ಗೆಯೇ ಮೊದಲ ಪ್ರಶ್ನೆ. ಸಂಜೆ ಕಾಂಗ್ರೆಸ್ ಗೆದ್ದಿತು ಎಂದು ಸುದ್ದಿ ಬಂತು, ಮಧ್ಯರಾತ್ರಿ ಹೊತ್ತಿಗೆ ಬಿಜೆಪಿ ಗೆದ್ದಿತು ಎಂದಾಯಿತು. ಯಂತ್ರದಲ್ಲಿರುವ ಮತ ಬದಲಾಗುವುದಿಲ್ಲ ತಾನೆ? ಹಾಗಾದರೆ ಬದಲಾಗಿದ್ದು ಏನು?

ಸುತ್ತು_ಹದಿನಾಲ್ಕು:
ಬದಲಾಗಿದ್ದು ಅಂಚೆ ಮತಗಳ ಲೆಕ್ಕ. ಮೊದಲು ತಿರಸ್ಕೃತವಾಗಿದ್ದ 177 ಅಂಚೆ ಮತಗಳನ್ನು ಮತ್ತೆ ಪರಿಶೀಲನೆಗೆ ತೆಗೆದುಕೊಂಡರು. ವಿವಾದ ಎದ್ದಿದ್ದು ಅಲ್ಲಿಂದ.

ಚುನಾವಣಾ ಆಯೋಗದ ಸೂಚನೆಯಲ್ಲೇ ಇದಕ್ಕೆ ಜಾಗವಿದೆ. ಗೆಲುವಿನ ಅಂತರವು ಅಸಿಂಧು ಎಂದು ಬದಿಗಿಟ್ಟ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ದರೆ, ಫಲಿತಾಂಶ ಘೋಷಿಸುವ ಮುನ್ನ ಅಷ್ಟನ್ನೂ ಚುನಾವಣಾಧಿಕಾರಿ ಮರುಪರಿಶೀಲಿಸಲೇಬೇಕು. ಯಾರೂ ಅರ್ಜಿ ಕೊಡಬೇಕಿಲ್ಲ. ವೀಕ್ಷಕರು ಎದುರಿಗಿರಬೇಕು, ಇಡೀ ಪ್ರಕ್ರಿಯೆ ವಿಡಿಯೊ ಚಿತ್ರೀಕರಣವಾಗಬೇಕು.

ಇದನ್ನು ಮರುಎಣಿಕೆಯ ಜೊತೆ ಬೆರೆಸಬೇಡಿ. ಮರುಪರಿಶೀಲನೆ ಎಂದರೆ ತಿರಸ್ಕೃತ ಮತ ತಿರಸ್ಕಾರಕ್ಕೆ ನಿಜವಾಗಿ ಅರ್ಹವೇ ಎಂದು ಒಂದೊಂದನ್ನೂ ನೋಡುವುದು. ಮರುಎಣಿಕೆ ಎಂದರೆ ಸಿಂಧುವಾದ ಮತಗಳನ್ನೂ ಸೇರಿಸಿ ಲೆಕ್ಕವನ್ನು ಮತ್ತೆ ಹಾಕುವುದು. ಮೊದಲನೆಯದು ಕಡ್ಡಾಯ, ಎರಡನೆಯದಕ್ಕೆ ಅಭ್ಯರ್ಥಿ ಬರೆದು ಕೇಳಬೇಕು.

ಹೊಸಮತದಾರ:
ಒಂದು ಅಂಚೆ ಮತ ಯಾವ ಕಾರಣಕ್ಕೆ ತಿರಸ್ಕಾರವಾಗುತ್ತದೆ?

ಸುತ್ತು_ಹದಿನಾಲ್ಕು:
ಎರಡು ಹಂತ ಇದೆ. ಮೊದಲು ಲಕೋಟೆ, ಆಮೇಲೆ ಮತಪತ್ರ.

ಹೊರ ಲಕೋಟೆ 13ಸಿ. ಅದನ್ನು ಬಿಚ್ಚಿದರೆ ಒಳಗೆ ಎರಡು ವಸ್ತು ಇರಬೇಕು: ಮತದಾರರ ಘೋಷಣೆ 13ಎ, ಮತ್ತು ಅಂಟಿಸಿದ ಒಳ ಲಕೋಟೆ 13ಬಿ. ಮತಪತ್ರ ಇರುವುದು 13ಬಿ ಒಳಗೆ. ಈಗ 13ಎ ನೋಡಬೇಕು. ಅದು ಇಲ್ಲವೇ ಇಲ್ಲ, ಮತದಾರರ ಸಹಿ ಇಲ್ಲ, ದೃಢೀಕರಣ ಸರಿಯಿಲ್ಲ, ಅಥವಾ ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆಯೂ 13ಬಿ ಮೇಲಿನದೂ ತಾಳೆಯಾಗುವುದಿಲ್ಲ ಎಂದರೆ ಒಳ ಲಕೋಟೆಯನ್ನು ಬಿಚ್ಚುವಂತೆಯೇ ಇಲ್ಲ. ಹಾಗೇ ತಿರಸ್ಕಾರ. ಯಾರಿಗೆ ಬಿದ್ದ ಮತ ಎಂದು ಆ ಹಂತದಲ್ಲಿ ಯಾರಿಗೂ ತಿಳಿಯಬಾರದು, ಇಡೀ ವ್ಯವಸ್ಥೆಯ ತಿರುಳು ಅದು.

ಇದನ್ನು ದಾಟಿದ 13ಬಿಗಳನ್ನು ಮಾತ್ರ ಬಿಚ್ಚುತ್ತಾರೆ. ಒಳಗಿನ ಮತಪತ್ರದಲ್ಲಿ ಗುರುತೇ ಇಲ್ಲದಿದ್ದರೆ, ಇಬ್ಬರಿಗೆ ಗುರುತು ಹಾಕಿದ್ದರೆ, ಯಾರಿಗೆಂದು ತಿಳಿಯದ ಕಡೆ ಹಾಕಿದ್ದರೆ, ಮತದಾರ ಯಾರೆಂದು ಪತ್ತೆಯಾಗುವಂಥ ಬರಹ ಇದ್ದರೆ, ಅಥವಾ ಮತಪತ್ರದ ಸಂಖ್ಯೆ ಲಕೋಟೆಯ ಸಂಖ್ಯೆಗೆ ಹೊಂದದಿದ್ದರೆ ತಿರಸ್ಕಾರ. ಗುರುತು ಇಂಥದ್ದೇ ಆಗಿರಬೇಕೆಂದಿಲ್ಲ. ಟಿಕ್ ಆಗಲಿ, ಗುಣಾಕಾರ ಚಿಹ್ನೆ ಆಗಲಿ, ಉದ್ದೇಶ ಸ್ಪಷ್ಟವಿದ್ದರೆ ಮತ ಸಿಂಧು.

ಎಣಿಕೆ ದಿನ ಬೆಳಿಗ್ಗೆ 8ರ ನಂತರ ತಲುಪಿದ ಲಕೋಟೆ ಬಿಚ್ಚದೇ ಹಾಗೇ ಕಟ್ಟಿಡುತ್ತಾರೆ.

ಕೃಷ್ಣೆಯದಂಡೆ:
ಇದಕ್ಕೊಂದು ಮಾತು ಸೇರಸ್ತೀನ್ರಿ. ಹೆಚ್ಚು ಅಂಚೆ ಮತ ಕೆಡೂದು ದೃಢೀಕರಣದೊಳಗ. ಗೆಜೆಟೆಡ್ ಅಧಿಕಾರಿ ಸಹಿ ಇರ್ತದ, ಹೆಸರು-ಹುದ್ದೆ ಇರೂದಿಲ್ಲ. ಇಲ್ಲಾ ಎಲ್ಲಾ ಇರ್ತದ, ಸೀಲ್ ಇರೂದಿಲ್ಲ. ಸೀಲ್ ಇಲ್ಲದ 13ಎ ತಗೋಬೇಕೋ ಬ್ಯಾಡೋ ಅಂತ 2024ರಾಗ ಆಂಧ್ರಪ್ರದೇಶದಾಗ ದೊಡ್ಡ ತಕರಾರಾಗಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು.

ಇನ್ನೊಂದು: 2023ರ ಮೇ ಚುನಾವಣೆಯೊಳಗ ಕೆಲಸಕ್ಕ ನೇಮಕ ಆದ ಸಿಬ್ಬಂದಿ ಮತಪತ್ರ ಮನಿಗೆ ಒಯ್ದು ಎಣಿಕೆ ದಿನದ ತನಕ ಅಂಚೆಯಾಗ ಕಳಸಬಹುದಿತ್ತು. ಅದೇ ವರ್ಷ ಆಗಸ್ಟ್‌ನಾಗ ನಿಯಮ ತಿದ್ದುಪಡಿ ಆತು. ಈಗ ಅವರು ಸೌಲಭ್ಯ ಕೇಂದ್ರದೊಳಗ ಮತ ಹಾಕಬೇಕು. ಸಹಿ ಮಾಡೋ ಅಧಿಕಾರಿ ಅಲ್ಲೇ ಕೂತಿರ್ತಾರ. ಇದು ಬಹಳ ಒಳ್ಳೆ ಬದಲಾವಣೆ, ಮೊದಲೇ ಆಗಬೇಕಿತ್ತು. ಶಿಕ್ಷಕರು, ಪೊಲೀಸರು ಊರೂರು ತಿರುಗಿ ಚುನಾವಣೆ ನಡಸ್ತಾರ. ಅವರ ಮತಾನೇ ಕಸದ ಬುಟ್ಟಿಗೆ ಹೋಗೂದು ಸರಿ ಅಲ್ಲ.

ಘಟ್ಟದಕೆಳಗೆ:
ಅದೇ ಚುನಾವಣೆಯಲ್ಲಿ 80 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ನಮ್ಮ ರಾಜ್ಯದ ವಿಧಾನಸಭೆ ಚುನಾವಣೆಯಲ್ಲಿ ಮೊದಲ ಬಾರಿಗೆ ಬಂತು. ಅವೂ ಅಂಚೆ ಮತದ ಲೆಕ್ಕಕ್ಕೇ ಸೇರುತ್ತವೆ. ಅರ್ಜಿ 12ಡಿ, ಅಧಿಸೂಚನೆ ಹೊರಟ 5 ದಿನದೊಳಗೆ ಕೊಡಬೇಕು. 2024ರಿಂದ ವಯಸ್ಸಿನ ಮಿತಿ 85ಕ್ಕೆ ಏರಿದೆ. ಅಂಚೆ ಮತ ಎಂದರೆ ಸೈನಿಕರದ್ದು ಮಾತ್ರ ಎಂಬ ಹಳೆಯ ತಿಳಿವಳಿಕೆ ಈಗ ಸಲ್ಲದು. ಕಟ್ಟು ದೊಡ್ಡದಾಗುತ್ತಿದೆ, ಎಣಿಸಲು ಹೊತ್ತೂ ಬೇಕು.

ಬೂತ್‌ಪಟ್ಟಿ:
ಎಣಿಕೆಯ ಹೊತ್ತಿನ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಟಿವಿಯ ಮುನ್ನಡೆ-ಹಿನ್ನಡೆ ನೋಡಿ ಗೊಂದಲವಾಗುವುದು ಇದು ಗೊತ್ತಿಲ್ಲದೇ.

8 ಗಂಟೆಗೆ ಅಂಚೆ ಮತ ಶುರು, ಅರ್ಧ ಗಂಟೆ ಬಿಟ್ಟು ಯಂತ್ರ. ಸಾಮಾನ್ಯವಾಗಿ ಒಂದು ಹಾಲ್‌ನಲ್ಲಿ 14 ಟೇಬಲ್. ಒಂದು ಸುತ್ತು ಎಂದರೆ 14 ಬೂತ್‌ನ ಕಂಟ್ರೋಲ್ ಯೂನಿಟ್ (ಮತಯಂತ್ರದಲ್ಲಿ ಮತ ದಾಖಲಾಗಿರುವ ಭಾಗ). ಕ್ಷೇತ್ರದಲ್ಲಿ 250 ಬೂತ್ ಇದ್ದರೆ 18 ಸುತ್ತು, ಕೊನೆಯದರಲ್ಲಿ 12 ಟೇಬಲ್‌ಗೆ ಮಾತ್ರ ಕೆಲಸ. ಅಂಚೆ ಮತಕ್ಕೆ ಬೇರೆ ಟೇಬಲ್, ಒಂದಕ್ಕೆ 500 ಮೀರದಂತೆ.

ಬೂತ್‌ಗಳು ಬರುವುದು ಕ್ರಮಸಂಖ್ಯೆಯಂತೆ. ಅಕ್ಕಪಕ್ಕದ ಊರುಗಳ ಸಂಖ್ಯೆಯೂ ಅಕ್ಕಪಕ್ಕ. ಹಾಗಾಗಿ ಮೊದಲ ಐದು ಸುತ್ತು ಎಂದರೆ ಕ್ಷೇತ್ರದ ಒಂದು ಮೂಲೆ ಅಷ್ಟೇ. ಒಂದು ಹೋಬಳಿ ಮುಗಿದು ಇನ್ನೊಂದು ಶುರುವಾದಾಗ 6,000 ಮುನ್ನಡೆ ಕರಗಿ ಹಿನ್ನಡೆಯಾಗುವುದರಲ್ಲಿ ವಿಚಿತ್ರವೇನೂ ಇಲ್ಲ. ಹೋಬಳಿವಾರು ಬೂತ್ ಸಂಖ್ಯೆ ಬರೆದಿಟ್ಟುಕೊಂಡು ಕೂತರೆ ಯಾವ ಸುತ್ತಿನಲ್ಲಿ ಗಾಳಿ ತಿರುಗಬಹುದು ಎಂದು ಮೊದಲೇ ಅಂದಾಜು ಸಿಗುತ್ತದೆ.

ಟಿವಿಯವರ ಅಂಕಿ ಏಜೆಂಟರಿಂದ ಬರುತ್ತದೆ, ಆಯೋಗದ ಜಾಲತಾಣದ ಅಂಕಿ ಚುನಾವಣಾಧಿಕಾರಿ ಮತ್ತು ವೀಕ್ಷಕರು ಸುತ್ತಿಗೆ ಸಹಿ ಹಾಕಿದ ಮೇಲೆ ಬರುತ್ತದೆ. ಎರಡರ ನಡುವೆ ಒಂದೆರಡು ಸುತ್ತಿನ ಅಂತರ ಸದಾ ಇರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಆಯೋಗ ಒಂದು ಬದಲಾವಣೆ ತಂದಿದೆ: ಅಂಚೆ ಮತ ಎಣಿಕೆ ಮುಗಿಯದೇ ಯಂತ್ರದ ಕೊನೆಯದರ ಹಿಂದಿನ ಸುತ್ತನ್ನು ಆರಂಭಿಸುವಂತಿಲ್ಲ. 2023ರಲ್ಲಿ ಈ ತಡೆ ಇರಲಿಲ್ಲ. ಯಂತ್ರದ ಎಲ್ಲ ಸುತ್ತು ಮುಗಿದು, ಜನ ಫಲಿತಾಂಶ ಬಂತೆಂದುಕೊಂಡು, ಆಮೇಲೆ ಅಂಚೆ ಮತದ ಮೇಲೆ ಎಳೆದಾಟವಾದರೆ ಸಂಶಯ ಹುಟ್ಟದೇ ಇರುತ್ತದೆಯೇ? ಹೊಸ ಕ್ರಮ ಅದಕ್ಕೆ ಸರಿಯಾದ ಮದ್ದು.

ಕಾಯ್ದೆಕಟ್ಟು:
ಈಗ ಮುಖ್ಯ ವಿಷಯಕ್ಕೆ ಬರೋಣ. ಸೋಲುವ ಅಂಚಿನಲ್ಲಿರುವ ಅಭ್ಯರ್ಥಿಯ ಕೈಯಲ್ಲಿರುವ ಹೊತ್ತು ಬಹಳ ಚಿಕ್ಕದು. 1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ 63ನೇ ನಿಯಮ ನೋಡಿ.

ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ನಮೂನೆ 20ರಲ್ಲಿ ಪ್ರತಿ ಅಭ್ಯರ್ಥಿಯ ಒಟ್ಟು ಮತ ಬರೆದು ಗಟ್ಟಿಯಾಗಿ ಘೋಷಿಸುತ್ತಾರೆ. ಇದಿನ್ನೂ ಫಲಿತಾಂಶದ ಘೋಷಣೆ ಅಲ್ಲ, ಒಟ್ಟು ಮತದ ಘೋಷಣೆ ಮಾತ್ರ. ಇಲ್ಲಿ ಅವರು ಒಂದೆರಡು ನಿಮಿಷ ನಿಲ್ಲಬೇಕು. ಆ ಹೊತ್ತಿನಲ್ಲಿ ಅಭ್ಯರ್ಥಿ ಅಥವಾ ಅವರ ಏಜೆಂಟ್ ಮರುಎಣಿಕೆ ಬೇಕೆಂದರೆ, ಅರ್ಜಿ ಬರೆದುಕೊಡಲು ತಕ್ಕಷ್ಟು ಸಮಯ ಕೊಡಬೇಕು. ಅರ್ಜಿ ಲಿಖಿತವಾಗಿರಬೇಕು, ಕಾರಣ ಹೇಳಬೇಕು. ಅಧಿಕಾರಿ ಪೂರ್ತಿ ಒಪ್ಪಬಹುದು, ಭಾಗಶಃ ಒಪ್ಪಬಹುದು, ಹುರುಳಿಲ್ಲದಿದ್ದರೆ ತಳ್ಳಿಹಾಕಬಹುದು. ಯಾವುದಾದರೂ ಕಾರಣ ಸಮೇತ ಬರವಣಿಗೆಯಲ್ಲಿ. ನಮೂನೆ 20ಕ್ಕೆ ಸಹಿ ಬಿತ್ತೋ, ಬಾಗಿಲು ಮುಚ್ಚಿತು. ಆಮೇಲೆ 21ಸಿಯಲ್ಲಿ ಘೋಷಣೆ, 22ರಲ್ಲಿ ಪ್ರಮಾಣಪತ್ರ.

ಸೋಲುವವರ ಕಡೆಯವರು ಆ ಹೊತ್ತಿಗೆ ಎಣಿಕೆ ಕೇಂದ್ರ ಬಿಟ್ಟು ಹೋಗಿಬಿಡುವುದೇ ದೊಡ್ಡ ತಪ್ಪು. ಎರಡನೆಯದು, ಕಾರಣ ಬರೆಯದೇ 'ಅನುಮಾನವಿದೆ, ಮತ್ತೆ ಎಣಿಸಿ' ಎಂದು ಒಂದು ಸಾಲು ಗೀಚಿ ಕೊಡುವುದು. ಅಂಥ ಅರ್ಜಿ ನಿಲ್ಲುವುದಿಲ್ಲ. 'ಇಂಥ ಸುತ್ತಿನ ಇಂಥ ಟೇಬಲ್, ಬೂತ್ ಸಂಖ್ಯೆ ಇಷ್ಟು, 17ಸಿಯಲ್ಲಿ (ಬೂತ್‌ನ ಮತಲೆಕ್ಕದ ನಮೂನೆ) ಇಷ್ಟು ಮತ, ಸುತ್ತಿನ ಹಾಳೆಯಲ್ಲಿ ಇಷ್ಟು' ಎಂದು ಬರೆದರೆ ತಳ್ಳಿಹಾಕುವುದು ಕಷ್ಟ.

ಹೊಸಮತದಾರ:
ಯಂತ್ರದಲ್ಲಿ ಫಲಿತಾಂಶದ ಗುಂಡಿ ಹತ್ತು ಸಲ ಒತ್ತಿದರೂ ಅದೇ ಅಂಕಿ ಬರುತ್ತದಲ್ಲ. ಮರುಎಣಿಕೆಯಿಂದ ಪ್ರಯೋಜನ ಏನು?

ಸುತ್ತು_ಹದಿನಾಲ್ಕು:
ಯಂತ್ರದ ಅಂಕಿ ಹಾಗೇ ಇರುತ್ತದೆ, ಸರಿ. ತಪ್ಪು ನುಸುಳುವುದು ಯಂತ್ರದಿಂದ ಕಾಗದಕ್ಕೆ ಇಳಿಸುವಾಗ. 17ಸಿ ಎರಡನೇ ಭಾಗದಲ್ಲಿ ಬರೆಯುವಾಗ 213 ಹೋಗಿ 231 ಆಗುವುದು, ಒಬ್ಬರ ಸಾಲಿನ ಅಂಕಿ ಕೆಳಗಿನವರ ಸಾಲಿಗೆ ಇಳಿಯುವುದು, ಸುತ್ತಿನ ಹಾಳೆ ಕೂಡುವಾಗ ಒಂದು ಬೂತ್ ಬಿಟ್ಟುಹೋಗುವುದು. ಅಂತರ ಹತ್ತಾರು ಸಾವಿರ ಇದ್ದಾಗ ಇದನ್ನು ಯಾರೂ ನೋಡುವುದಿಲ್ಲ. 16 ಇದ್ದಾಗ ಇದೇ ಎಲ್ಲ.

ಹಾಗಾಗಿ ಏಜೆಂಟ್ ಮಾಡಬೇಕಾದ್ದು: ಮತದಾನದ ದಿನ ಸಂಜೆ ಬೂತ್ ಏಜೆಂಟರಿಗೆ ಕೊಡುವ 17ಸಿ ಮೊದಲ ಭಾಗದ ದೃಢೀಕೃತ ಪ್ರತಿಯನ್ನು ಕ್ರಮಸಂಖ್ಯೆಯಂತೆ ಜೋಡಿಸಿ ಎಣಿಕೆ ಟೇಬಲ್‌ಗೆ ತರಬೇಕು. ಅದರಲ್ಲಿ ಯಂತ್ರದ ಸಂಖ್ಯೆ, ಸೀಲ್ ಸಂಖ್ಯೆ, ಒಟ್ಟು ದಾಖಲಾದ ಮತ ಇರುತ್ತದೆ. ಕಂಟ್ರೋಲ್ ಯೂನಿಟ್ ಟೇಬಲ್‌ಗೆ ಬಂದಾಗ ಮೂರೂ ತಾಳೆ ನೋಡಬೇಕು. ಆಮೇಲೆ ಪರದೆಯಲ್ಲಿ ಬರುವ ಅಂಕಿಯನ್ನು ತಾವೇ ಬರೆದುಕೊಳ್ಳಬೇಕು, ಮೇಲ್ವಿಚಾರಕರು ಓದಿ ಹೇಳಿದ್ದನ್ನಲ್ಲ. ಎಲ್ಲ ಅಭ್ಯರ್ಥಿಗಳ ಮತ, ನೋಟಾ ಕೂಡಿದರೆ ಒಟ್ಟು ಬರಬೇಕು. ಬಾರದಿದ್ದರೆ ಅಲ್ಲೇ, ಆ ಸುತ್ತಿಗೆ ಸಹಿ ಬೀಳುವ ಮೊದಲೇ ಹೇಳಬೇಕು.

ಘಟ್ಟದಕೆಳಗೆ:
ಅಣಕು ಮತದಾನದ ಮತ ಅಳಿಸದೇ ಉಳಿದರೆ ಏನು ಮಾಡುತ್ತಾರೆ ಎಂಬುದನ್ನೂ ಹೇಳಿ ಮಾರಾಯರೇ. ತುಂಬ ಜನ ಅದನ್ನು ವಂಚನೆ ಎಂದುಕೊಳ್ಳುತ್ತಾರೆ.

ಸುತ್ತು_ಹದಿನಾಲ್ಕು:
ಹೌದು, ಅದು ಬಿಟ್ಟುಹೋಗಿತ್ತು. ಮತದಾನಕ್ಕೆ ಮುಂಚೆ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕುತ್ತಾರೆ. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್ ಎಂಬ ಮೂರು ಗುಂಡಿ ಅದೇ ಕ್ರಮದಲ್ಲಿ ಒತ್ತಬೇಕು. ಮತಗಟ್ಟೆ ಅಧಿಕಾರಿ ಕ್ಲಿಯರ್ ಮರೆತರೆ ಆ 50 ನಿಜವಾದ ಮತದ ಜೊತೆ ಸೇರಿಬಿಡುತ್ತವೆ. ಎಣಿಕೆಯಲ್ಲಿ 17ಸಿಗಿಂತ ಯಂತ್ರದ ಮತ ಸರಿಯಾಗಿ 50 ಹೆಚ್ಚಿದ್ದರೆ ಬಹುಮಟ್ಟಿಗೆ ಕಾರಣ ಇದೇ.

ಅಂಥ ಯಂತ್ರವನ್ನು, ಪರದೆ ತೋರಿಸದ ಯಂತ್ರವನ್ನೂ, ಎಣಿಸದೇ ಬದಿಗಿಡುತ್ತಾರೆ. ಉಳಿದದ್ದೆಲ್ಲ ಮುಗಿದ ಮೇಲೆ, ಗೆಲುವಿನ ಅಂತರವು ಬದಿಗಿಟ್ಟ ಯಂತ್ರಗಳ ಒಟ್ಟು ಮತಕ್ಕೆ ಸಮ ಅಥವಾ ಕಡಿಮೆ ಇದ್ದರೆ ಆ ಬೂತ್‌ಗಳ ವಿವಿಪ್ಯಾಟ್ ಚೀಟಿ (ಪ್ರತಿ ಮತಕ್ಕೂ ಯಂತ್ರ ಮುದ್ರಿಸುವ ಕಾಗದ) ಎಣಿಸುತ್ತಾರೆ. ಅಂತರ ದೊಡ್ಡದಿದ್ದರೆ ಅವನ್ನು ಮುಟ್ಟುವುದಿಲ್ಲ. ನಮೂನೆ 20ರಲ್ಲಿ ಕೆಲವು ಬೂತ್‌ಗೆ ಅಂಕಿ ಇಲ್ಲದೇ ಇರುವುದು ಇದರಿಂದ.

ಇದಲ್ಲದೇ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ 5 ಬೂತ್‌ನ ವಿವಿಪ್ಯಾಟ್ ಚೀಟಿಗಳನ್ನು ಕಡ್ಡಾಯವಾಗಿ ಎಣಿಸುತ್ತಾರೆ; 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 1 ಇದ್ದದ್ದು 5 ಆಯಿತು. ಚೀಟಿಗಳನ್ನು ಅಭ್ಯರ್ಥಿವಾರು ಬೇರ್ಪಡಿಸಿ 25ರ ಕಟ್ಟು ಮಾಡಿ ಎಣಿಸುತ್ತಾರೆ. ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ.

ಕೃಷ್ಣೆಯದಂಡೆ:
ಮತ ಸರೀಸಮ ಬಂದ್ರ?

ಕಾಯ್ದೆಕಟ್ಟು:
ಚೀಟಿ ಎತ್ತುವುದು. ಯಾರ ಹೆಸರು ಬಂತೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ. ಜನಪ್ರಾತಿನಿಧ್ಯ ಕಾಯ್ದೆ 1951ರ 65ನೇ ಕಲಂ.

ನಮ್ಮಲ್ಲಿ ಅದಕ್ಕೆ ತೀರ ಹತ್ತಿರ ಬಂದದ್ದು 2004ರ ಸಂತೇಮರಹಳ್ಳಿ. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಮತ. 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ಧ್ರುವನಾರಾಯಣ ಅವರು 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳಿದ್ದಾಗ ತೀರಿಕೊಂಡರು. ಅದೇ ಚುನಾವಣೆಯಲ್ಲಿ ಕೃಷ್ಣಮೂರ್ತಿ ಅವರು ಕೊಳ್ಳೇಗಾಲದಿಂದ, ಈ ಸಲ ಕಾಂಗ್ರೆಸ್‌ನಿಂದ ನಿಂತು, 59,000ಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು.

ಹೊಸಮತದಾರ:
ಜಯನಗರದಲ್ಲಿ ಹೆಸರು ಹೋಲುವ ಪಕ್ಷೇತರರೂ ಇದ್ದರಂತೆ?

ಬೂತ್‌ಪಟ್ಟಿ:
ಇದ್ದರು. ಸೌಮ್ಯಾ ಎ. ರೆಡ್ಡಿ ಎಂಬ ಹೆಸರಿನ ಪಕ್ಷೇತರ ಅಭ್ಯರ್ಥಿಗೆ 320 ಮತ ಬಂದಿದೆ. ಅಂತರ 16. ಆ 320ರಲ್ಲಿ ಎಷ್ಟು ಗೊಂದಲದ ಮತ ಎಂದು ಯಾವ ಲೆಕ್ಕವೂ ಹೇಳದು. ಅವರಿಗೂ ಸ್ಪರ್ಧಿಸುವ ಹಕ್ಕಿದೆ. ಮತಯಂತ್ರದಲ್ಲಿ ಅಭ್ಯರ್ಥಿಯ ಫೋಟೊ ಹಾಕುವುದು ಇಂಥ ಗೊಂದಲ ತಪ್ಪಿಸಲೆಂದೇ. ಮನೆಮನೆಗೆ ಹೋಗುವ ಕಾರ್ಯಕರ್ತರು ಹೆಸರಿನ ಜೊತೆ ಯಂತ್ರದ ಕ್ರಮಸಂಖ್ಯೆಯನ್ನೂ ಹೇಳಿಕೊಡಬೇಕು.

ಘಟ್ಟದಕೆಳಗೆ:
ಅಂತರ ಕಿರಿದಾಗಿದ್ದು ಬೆಂಗಳೂರು, ಮಲೆನಾಡಲ್ಲಿ ಮಾತ್ರ ಅಲ್ಲ. ಕುಮಟಾದಲ್ಲಿ 676, ಚಿಂಚೋಳಿಯಲ್ಲಿ 858. ಎರಡೂ ಬಿಜೆಪಿ ಗೆದ್ದದ್ದು. ಪುತ್ತೂರು ಬೇರೆಯೇ ಬಗೆಯದು: ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ 66,607, ಪಕ್ಷೇತರ ಅರುಣ್ ಕುಮಾರ್ ಪುತ್ತಿಲ 62,458, ಬಿಜೆಪಿ ಮೂರನೇ ಸ್ಥಾನ. ದಕ್ಷಿಣ ಕನ್ನಡದ 8ರಲ್ಲಿ 6, ಉಡುಪಿಯ 5ಕ್ಕೆ 5 ಬಿಜೆಪಿಗೆ ಬಂದಾಗ ಪುತ್ತೂರು ಕೈತಪ್ಪಿದ್ದು ಒಳಗಿನ ಒಡಕಿನಿಂದ. ಅಲ್ಲಿ ಎಣಿಕೆಯ ತಕರಾರು ಏನೂ ಇಲ್ಲ.

ಹೊಸಮತದಾರ:
ಬಿಜೆಪಿಯ ಮತ 2018ರಲ್ಲೂ ಸುಮಾರು 36%, 2023ರಲ್ಲೂ 36%. ಸ್ಥಾನ ಮಾತ್ರ 104ರಿಂದ 66. ಇದು ಎಣಿಕೆಯ ತಪ್ಪಲ್ಲವೇ ಎಂದು ಕೇಳುವವರಿದ್ದಾರೆ.

ಕೃಷ್ಣೆಯದಂಡೆ:
ಅಲ್ಲರೀ. ಕಾಂಗ್ರೆಸ್ 38ರಿಂದ 42.9ಕ್ಕ ಏರಿತು, ಜೆಡಿಎಸ್ 18ರಿಂದ 13.3ಕ್ಕ ಇಳೀತು. ಅಷ್ಟಕ್ಕ ಜೆಡಿಎಸ್ ಮತ ನೇರ ಕಾಂಗ್ರೆಸ್‌ಗೆ ಹೋತು ಅಂತ ಬರದು ಮುಗಸಬ್ಯಾಡ್ರಿ. ಬಿಜೆಪಿಯ 36% ಎರಡೂ ಸಲ ಅದೇ ಊರಿಂದ ಬಂದದ್ದಲ್ಲ. ಬೆಂಗಳೂರಾಗ, ಹಳೇ ಮೈಸೂರಾಗ ಅವರ ಮತ ಹೆಚ್ಚಾತು. ನಮ್ಮ ಉತ್ತರದ ಕಡೆ ಕಡಿಮಿ ಆತು. ಬೆಂಗಳೂರಾಗ 28ಕ್ಕ 16 ಸಿಕ್ಕವು, ಆದ್ರ ಮಂಡ್ಯದಾಗ 7ಕ್ಕ ಒಂದೂ ಸಿಗಲಿಲ್ಲ. ಮೂರನೇ ಸ್ಥಾನದಾಗಿದ್ದ ಪಕ್ಷಕ್ಕ ಹತ್ತು ಸಾವಿರ ಮತ ಹೆಚ್ಚು ಬಂದ್ರೂ ಅದು ಸೀಟ್ ಆಗೂದಿಲ್ಲ. ಈ ಕಡೆ ಗೆದ್ದಿದ್ದ ಕ್ಷೇತ್ರದಾಗ ಐದು ಸಾವಿರ ಹೋದ್ರ ಸೀಟೇ ಹೋತು. ಬೆಳಗಾವಿ 18ರಾಗ 11 ಕಾಂಗ್ರೆಸ್, ಕಲಬುರಗಿ 9ರಾಗ 7, ಬಳ್ಳಾರಿ 5ಕ್ಕ 5.

ಎಲ್ಲಕ್ಕಿಂತ ದೊಡ್ಡ ಅಂಕಿ ಯಾರೂ ಹೇಳೂದಿಲ್ಲ: ಪರಿಶಿಷ್ಟ ಪಂಗಡದ 15 ಮೀಸಲು ಕ್ಷೇತ್ರದೊಳಗ ಬಿಜೆಪಿಗೆ ಸೊನ್ನಿ. 14 ಕಾಂಗ್ರೆಸ್, ದೇವದುರ್ಗ ಒಂದು ಜೆಡಿಎಸ್. ಚುನಾವಣೆಗೆ ಮುಂಚೆ ಮೀಸಲಾತಿ 3ರಿಂದ 7%ಕ್ಕ ಏರಿಸಿದ ಸರ್ಕಾರಕ್ಕ ಆ ಮತ ಬರಲಿಲ್ಲ ಅನ್ನೂದನ್ನ ಕೂತು ಅಭ್ಯಾಸ ಮಾಡಬೇಕು.

ಬೂತ್‌ಪಟ್ಟಿ:
ಅಭ್ಯಾಸ ಮಾಡುವವರಿಗೆ: ರಾಜ್ಯ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ನಮೂನೆ 20 ಸಿಗುತ್ತದೆ. ಹೆಚ್ಚಿನವು ಸ್ಕ್ಯಾನ್ ಮಾಡಿದ ಹಾಳೆ, ಅಂಕಿಗಳನ್ನು ಕೈಯಾರೆ ಇಳಿಸಿಕೊಳ್ಳಬೇಕು. ಇಳಿಸಿದ ಮೇಲೆ ಪ್ರತಿ ಸಾಲನ್ನೂ ಕೂಡಿ 'ಒಟ್ಟು' ಕಾಲಂಗೆ ತಾಳೆ ನೋಡಿ. 3 ಮತ್ತು 8 ಅದಲುಬದಲಾಗುವುದು ಮಾಮೂಲು. ಅಂಚೆ ಮತ ಕೊನೆಯಲ್ಲಿ ಬೇರೆ ಸಾಲಾಗಿ ಇರುತ್ತದೆ.

2018ರ ಬೂತ್ 112 ಮತ್ತು 2023ರ ಬೂತ್ 112 ಒಂದೇ ಎಂದುಕೊಳ್ಳಬೇಡಿ. ಮತದಾರರು ಹೆಚ್ಚಾದಾಗ 45ರ ಪಕ್ಕದಲ್ಲಿ 45ಎ ಹುಟ್ಟುತ್ತದೆ, ಮುಂದಿನ ಪರಿಷ್ಕರಣೆಯಲ್ಲಿ ಸಂಖ್ಯೆಗಳೆಲ್ಲ ಮುಂದಕ್ಕೆ ಸರಿಯುತ್ತವೆ. ಶಾಲೆಯ ಹೆಸರು, ಕೊಠಡಿಯ ದಿಕ್ಕು ನೋಡಿ ಜೋಡಿಸಬೇಕು. ಈಗ ಬೂತ್‌ಗೆ ಗರಿಷ್ಠ 1,500 ಇದ್ದದ್ದು 1,200ಕ್ಕೆ ಇಳಿದಿರುವುದರಿಂದ 2028ರ ಪಟ್ಟಿ ಇನ್ನೂ ಬದಲಾಗಿರುತ್ತದೆ.

ಹೊಸಮತದಾರ:
ಮಾಲೂರಿನ ಕಥೆ ಏನಾಯಿತು?

ಕಾಯ್ದೆಕಟ್ಟು:
ಘೋಷಣೆಯ ನಂತರ ಉಳಿಯುವ ದಾರಿ ಹೈಕೋರ್ಟ್‌ನಲ್ಲಿ ಚುನಾವಣಾ ತಕರಾರು ಅರ್ಜಿ ಮಾತ್ರ. ಫಲಿತಾಂಶದಿಂದ 45 ದಿನದೊಳಗೆ, 2,000 ರೂಪಾಯಿ ಭದ್ರತಾ ಠೇವಣಿಯೊಂದಿಗೆ. ಠೇವಣಿ ಇಡದಿದ್ದರೆ ಒಳಗಿನ ಸಂಗತಿ ಎಷ್ಟೇ ಗಟ್ಟಿಯಿದ್ದರೂ ಅರ್ಜಿ ವಜಾ. 6 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ವರ್ಷಗಟ್ಟಲೆ ಎಳೆಯುತ್ತದೆ. ಮಸ್ಕಿಯಲ್ಲಿ 2018ರ ಅಂತರ 213. ಶಾಸಕರು ರಾಜೀನಾಮೆ ಕೊಟ್ಟ ಮೇಲೂ ತಕರಾರು ಅರ್ಜಿ ಬಾಕಿ ಇತ್ತೆಂದು 2019ರ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅದು ಸೇರಲಿಲ್ಲ, 2021ರ ತನಕ ಕಾಯಿತು.

ಮಾಲೂರಿನಲ್ಲಿ ಸೋತ ಕೆ.ಎಸ್. ಮಂಜುನಾಥ ಗೌಡ ಹೋದದ್ದು ಇದೇ ದಾರಿ. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿತು. ಎಣಿಕೆಯ ವಿಡಿಯೊ ಚಿತ್ರೀಕರಣವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲಾಗದೇ ಹೋದದ್ದು ಅಲ್ಲಿ ದೊಡ್ಡ ಅಂಶವಾಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ಕೊಟ್ಟು, ಮರುಎಣಿಕೆ ನಡೆಸಿ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ತನಗೆ ಸಲ್ಲಿಸುವಂತೆ ಹೇಳಿತು.

ಎಣಿಕೆ ನಡೆದು ಎರಡು ವರ್ಷ ದಾಟಿದ ಮೇಲೆ ನ್ಯಾಯಾಲಯ ಕೇಳಿದ್ದು ಏನನ್ನು ಎಂದು ಗಮನಿಸಿ. ಎಣಿಕೆಯ ದಿನದ ದಾಖಲೆಯನ್ನು. ಹಾಗಾಗಿ ಮರುಎಣಿಕೆ ಅರ್ಜಿ ಕೊಟ್ಟ ಕೂಡಲೇ ನಕಲಿನ ಮೇಲೆ ಸಮಯ ಬರೆಸಿ ಸಹಿ ಪಡೆಯಿರಿ. ತಿರಸ್ಕರಿಸಿದರೆ ಆ ಆದೇಶದ ಪ್ರತಿಯನ್ನು ಅಂದೇ ಕೇಳಿ. ವಿಡಿಯೊ ಪ್ರತಿಗೆ ಲಿಖಿತ ಅರ್ಜಿಯನ್ನು ಮರುದಿನವೇ ಹಾಕಿ, 45 ದಿನ ಮುಗಿಯುವ ತನಕ ಕಾಯಬೇಡಿ.

ಹೊಸಮತದಾರ:
2024ರಿಂದ ಯಂತ್ರದ ಮೆಮೊರಿ ಪರೀಕ್ಷೆಗೂ ಅವಕಾಶ ಇದೆ ಎಂದು ಕೇಳಿದ್ದೆ.

ಕಾಯ್ದೆಕಟ್ಟು:
ಇದೆ. 2024ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಬಂದದ್ದು. ಎರಡನೇ, ಮೂರನೇ ಸ್ಥಾನದಲ್ಲಿರುವವರು ಫಲಿತಾಂಶದ 7 ದಿನದೊಳಗೆ ಬರೆದು ಕೇಳಬೇಕು. ವಿಧಾನಸಭಾ ಕ್ಷೇತ್ರದ 5% ಯಂತ್ರಗಳ ತನಕ, ಖರ್ಚು ಅರ್ಜಿದಾರರದ್ದು, ದೋಷ ಸಾಬೀತಾದರೆ ವಾಪಸ್. 2023ರವರಿಗೆ ಇದು ಇರಲಿಲ್ಲ. ಆದರೆ ಜಯನಗರದಂಥ ಪ್ರಕರಣಕ್ಕೆ ಇದರಿಂದ ಉಪಯೋಗವಿಲ್ಲ, ಅಲ್ಲಿನ ತಕರಾರು ಯಂತ್ರದ್ದಲ್ಲ, 13ಎ ಕಾಗದದ್ದು.

ಸುತ್ತು_ಹದಿನಾಲ್ಕು:
ಅದಕ್ಕೇ ಪಕ್ಷಗಳಿಗೆ ಒಂದು ವಿನಂತಿ. ಯಂತ್ರದ 14 ಟೇಬಲ್‌ಗೆ ಚುರುಕಿನ ಹುಡುಗರನ್ನು ಕೂರಿಸಿ, ಅಂಚೆ ಮತದ ಟೇಬಲ್‌ಗೆ ಯಾರೋ ಉಳಿದವರನ್ನು ಕಳಿಸುವ ರೂಢಿ ಬಿಡಿ. 13ಎ, 13ಬಿ, 13ಸಿ ಮೂರನ್ನೂ ಕೈಯಲ್ಲಿ ಹಿಡಿದು ಓದಬಲ್ಲ, ಕಾಯ್ದೆ ಗೊತ್ತಿರುವ ಹಿರಿಯರೊಬ್ಬರು ಬೆಳಿಗ್ಗೆ 8ರಿಂದ ಅಲ್ಲೇ ಇರಬೇಕು. ತಿರಸ್ಕರಿಸಿದ ಪ್ರತಿ ಲಕೋಟೆಗೂ ಕಾರಣ ಬರೆದಿದ್ದಾರೆಯೇ ಎಂದು ನೋಡಿ, ತಮ್ಮ ಪುಸ್ತಕದಲ್ಲೂ ಸಂಖ್ಯೆ ಸಹಿತ ಬರೆದುಕೊಳ್ಳಬೇಕು.

ಹೊಸಮತದಾರ:
13ಎ ನಮೂನೆಯ ಖಾಲಿ ಪ್ರತಿ ಎಲ್ಲಿ ಸಿಗುತ್ತದೆ? ಓದಿ ನೋಡಬೇಕು.

ಬೂತ್‌ಪಟ್ಟಿ:
1961ರ ನಿಯಮಗಳ ಕೊನೆಯಲ್ಲಿ ಎಲ್ಲ ನಮೂನೆಗಳೂ ಇವೆ. ಆಯೋಗದ ಜಾಲತಾಣದಲ್ಲಿ ಚುನಾವಣಾಧಿಕಾರಿಗಳ ಕೈಪಿಡಿಯೂ ಉಚಿತವಾಗಿ ಸಿಗುತ್ತದೆ. ಮೊದಲು ಅಂಚೆ ಮತದ ಅಧ್ಯಾಯ ಓದಿ, ಆಮೇಲೆ ಎಣಿಕೆಯದು.